ಸೈನ್ ಆನ್‌ನಿಂದ ಸೈನ್ ಆಫ್‌ವರೆಗೆ: ರೈಲು ಚಾಲಕರ ದುಡಿಮೆ ಮತ್ತು ಸಂಘಟನೆ



ರೈಲ್ವೆ ನಿಲ್ದಾಣವೇ ಇಲ್ಲದ ಈ ಸವದತ್ತಿಯಲ್ಲಿ ರೈಲು ಚಾಲಕರ ಬಗ್ಗೆ ಮಾತಾಡಬೇಕು ಎಂದು ವಿಷಯವನ್ನು ನಾನೇ ಆರಿಸಿಕೊಂಡೆ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಕಟ್ಟಿಕೊಂಡು ಬರುವವರನ್ನು ನೀವು ನೋಡುತ್ತೀರಿ. ಧಾರವಾಡದಲ್ಲಿ ಗಾಡಿ ಇಳಿದು, ಅಲ್ಲಿಂದ ಸುಮಾರು 40 ಕಿಲೋಮೀಟರ್ ಬಸ್ಸಿನಲ್ಲಿ ಬರುವವರನ್ನೂ ನೋಡುತ್ತೀರಿ. ಆ ಗಾಡಿಯನ್ನು ರಾತ್ರಿಯಿಡೀ ನಿದ್ದೆಗೆಟ್ಟು ಓಡಿಸಿಕೊಂಡು ಬಂದವನ ಮುಖ ಮಾತ್ರ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಸವದತ್ತಿ, ರಾಮದುರ್ಗ, ಬೈಲಹೊಂಗಲ, ಕಿತ್ತೂರು ಈ ನಾಲ್ಕೂ ತಾಲ್ಲೂಕುಗಳ ಹುಡುಗರು, ಈಗೀಗ ಹುಡುಗಿಯರು, ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಧಾರವಾಡದಲ್ಲಿ ರೂಮು ಮಾಡಿಕೊಂಡು, ಸಹಾಯಕ ಲೋಕೋ ಪೈಲಟ್ ಪರೀಕ್ಷೆಗೆ ಓದುತ್ತಿದ್ದಾರೆ. ಅವರು ಹೋಗಿ ಸೇರಲಿರುವ ಕೆಲಸ ಎಂಥದ್ದು ಎಂಬುದು ಅವರ ತಂದೆತಾಯಿಗಳಿಗಾದರೂ ಗೊತ್ತಿರಬೇಕು.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ರೈಲು ಚಾಲಕರ ಸಂಘಟನೆಯ ಇತಿಹಾಸದ ನಡುವೆ ಇರುವುದು ಹೊತ್ತಿನ ಜಗಳ. ದುಡಿಮೆ ಯಾವ ಗಳಿಗೆಗೆ ಶುರುವಾಯಿತು, ಯಾವ ಗಳಿಗೆಗೆ ಮುಗಿಯಿತು, ಅದನ್ನು ನಿರ್ಧರಿಸುವವರು ಯಾರು? ಸಂಬಳ, ಭತ್ಯೆ, ಬೋನಸ್ಸಿನ ಬೇಡಿಕೆಗಳೆಲ್ಲ ಅದರ ಹಿಂದಿನಿಂದ ಬಂದವು.

ಮೊದಲು ಕೆಲಸವನ್ನೇ ನೋಡೋಣ. ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ವಸತಿಗಳಲ್ಲಿ ಬೆಳೆದವರಿಗೆ 'ಕಾಲ್ ಬಂತು' ಎಂಬ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಹಿಂದೆ ಕಾಲ್‌ಬಾಯ್ ಎಂಬ ನೌಕರ ಅಪರಾತ್ರಿಯಲ್ಲಿ ಸೈಕಲ್ ತುಳಿದುಕೊಂಡು ಬಂದು ಬಾಗಿಲು ಬಡಿಯುತ್ತಿದ್ದ, ಪುಸ್ತಕ ಚಾಚಿ ಸಹಿ ಹಾಕಿಸಿಕೊಳ್ಳುತ್ತಿದ್ದ. ಈಗ ಮೊಬೈಲು ಬಡಿದುಕೊಳ್ಳುತ್ತದೆ. ಹೆಂಡತಿ ಎದ್ದು ರೊಟ್ಟಿ ಕಟ್ಟುತ್ತಾಳೆ. ಗೂಡ್ಸ್ ಚಾಲಕನಾದರೆ ಯಾವ ಊರಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಅವನಿಗೇ ಗೊತ್ತಿರುವುದಿಲ್ಲ. ಪ್ಯಾಸೆಂಜರ್ ಗಾಡಿಯವರಿಗೆ 'ಲಿಂಕ್' ಎಂಬ ಸರದಿ ಪಟ್ಟಿ ಇದೆ, ಮುಂದಿನ ವಾರದ ಮದುವೆಗೆ ಹೋಗಬಹುದೋ ಇಲ್ಲವೋ ಎಂದು ಅಂದಾಜಾದರೂ ಸಿಗುತ್ತದೆ. ಗೂಡ್ಸಿನವರಿಗೆ ಅದೂ ಇಲ್ಲ.

ಹಾಜರಿ ಹಾಕುವ ಲಾಬಿಗೆ ಹೋಗಿ ಸೈನ್ ಆನ್ ಮಾಡಬೇಕು, ಅಂದರೆ ಕೆಲಸಕ್ಕೆ ಬಂದ ಹೊತ್ತನ್ನು ದಾಖಲಿಸಬೇಕು; ಕೆಲಸ ಬಿಡುವಾಗ ಮಾಡುವುದು ಸೈನ್ ಆಫ್. ಬ್ರೆತ್ ಅನಲೈಸರ್ ಊದಬೇಕು. ದಾರಿಯಲ್ಲಿ ಎಲ್ಲೆಲ್ಲಿ ಹಳಿ ದುರಸ್ತಿ ನಡೆದಿದೆ, ಎಲ್ಲಿ ಎಷ್ಟು ವೇಗಕ್ಕೆ ಇಳಿಸಬೇಕು ಎಂಬ ಕಾಷನ್ ಆರ್ಡರ್ ಪಡೆದು ಓದಿಕೊಳ್ಳಬೇಕು. ಎಂಜಿನ್ ಪರೀಕ್ಷಿಸಬೇಕು, ಬ್ರೇಕ್ ನೋಡಬೇಕು. ಆಮೇಲೆ ಸಿಗ್ನಲ್ಲು. ಗೂಡ್ಸ್ ಗಾಡಿ ಯಾರ್ಡಿನಲ್ಲಿ ಎರಡು ತಾಸು ಅಲ್ಲಾಡದೆ ನಿಲ್ಲಬಹುದು. ಹೊರಟ ಮೇಲೆ ಪ್ರತಿಯೊಂದು ಸಿಗ್ನಲ್ಲಿನ ಬಣ್ಣವನ್ನೂ ಚಾಲಕ ಮತ್ತು ಸಹಾಯಕ ಇಬ್ಬರೂ ಬಾಯಿಬಿಟ್ಟು ಕೂಗಿ ಹೇಳಬೇಕು, ಒಬ್ಬ ಕೂಗಿದ್ದನ್ನು ಇನ್ನೊಬ್ಬ ತಿರುಗಿ ಹೇಳಬೇಕು. ಕ್ಯಾಬಿನ್ನಿನಲ್ಲಿ ಎಚ್ಚರದ ಕಾವಲಿಗೆ ಒಂದು ಯಂತ್ರವಿದೆ. ಸುಮಾರು ಒಂದು ನಿಮಿಷ ಚಾಲಕ ಏನೂ ಮಾಡದೆ ಇದ್ದರೆ ದೀಪ ಮಿನುಗುತ್ತದೆ, ಬಳಿಕ ಬಜರ್ ಕಿರುಚುತ್ತದೆ, ಅದಕ್ಕೂ ಓಗೊಡದಿದ್ದರೆ ತಾನೇ ಬ್ರೇಕ್ ಹಾಕುತ್ತದೆ. ಇದು ಬೇಕಾದ ಯಂತ್ರವೇ. ಆದರೆ ಮನುಷ್ಯ ಎಚ್ಚರವಾಗಿದ್ದಾನೋ ಇಲ್ಲವೋ ಎಂದು ನಿಮಿಷಕ್ಕೊಮ್ಮೆ ಕೇಳುವ ವ್ಯವಸ್ಥೆ, ಅವನು ನಿನ್ನೆ ಎಷ್ಟು ತಾಸು ಮಲಗಿದ್ದ ಎಂದೂ ಅಷ್ಟೇ ಕಟ್ಟುನಿಟ್ಟಾಗಿ ಕೇಳಬೇಕಿತ್ತು.

ಹುಬ್ಬಳ್ಳಿ ವಿಭಾಗದ ಚಾಲಕರ ಕೈಗೆ ಬಿದ್ದಿರುವ ಅತಿ ಕಠಿಣ ದಾರಿ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟ್. ದೂಧಸಾಗರದ ಫೋಟೋಗಳಲ್ಲಿ ಜಲಪಾತದ ಮುಂದೆ ಆಟಿಕೆಯಂತೆ ಕಾಣುವ ಆ ರೈಲು 37 ಅಡಿ ಸಾಗುವಷ್ಟರಲ್ಲಿ 1 ಅಡಿ ಇಳಿದಿರುತ್ತದೆ. ರಸ್ತೆಗೆ ಇದು ದೊಡ್ಡ ಇಳಿಜಾರಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಓಡುವಾಗ ಭಯಂಕರ ಇಳಿಜಾರು. ಮುರಗಾವ್ ಬಂದರಿನಿಂದ ತೋರಣಗಲ್ಲಿನ ಕಡೆಗೆ ಕಲ್ಲಿದ್ದಲು ಏರಬೇಕಾದರೆ ಹಿಂದಿನಿಂದ ನೂಕಲು ಬ್ಯಾಂಕರ್ ಎಂಜಿನ್ನುಗಳು ಬೇಕು. ಇಳಿಯುವ ಗಾಡಿಯನ್ನು ತಡೆದು ಹಿಡಿಯುವುದಕ್ಕೂ ಅವೇ ಬೇಕು. ಕ್ಯಾಸಲ್‌ರಾಕ್‌ನಲ್ಲಿ ಬ್ರೇಕಿನ ಪರೀಕ್ಷೆ ಮುಗಿಯದೆ ಗಾಡಿ ಇಳಿಯುವ ಹಾಗಿಲ್ಲ. ಹತೋಟಿ ತಪ್ಪಿದ ಗಾಡಿಯನ್ನು ಏರಿಗೆ ತಿರುಗಿಸಿ ನಿಲ್ಲಿಸಲು ನಡುವೆ ಬೇರೆ ಹಳಿಗಳನ್ನೇ ಹಾಕಿಟ್ಟಿದ್ದಾರೆ. ಮಳೆಗಾಲದಲ್ಲಿ ಹಳಿಯ ಮೇಲೆ ಕೊಳೆತ ಎಲೆ ಅಂಟಿ ಗಾಲಿ ಜಾರುತ್ತದೆ. ಚಾಲಕ ಹಳಿಗೆ ಮರಳು ಬಿಡುತ್ತ ಹೋಗಬೇಕು.

ಆ ಘಾಟಿನಲ್ಲಿ ಹಲವು ವರ್ಷ ದುಡಿದು ನಿವೃತ್ತರಾದ ಒಬ್ಬ ಚಾಲಕರನ್ನು ಒಮ್ಮೆ ಕೇಳಿದೆ, ಹೆದರಿಕೆ ಆಗುವುದಿಲ್ಲವೇ ಎಂದು. ಅವರೆಂದರು: "ಹೆದರಿಕಿ ಘಾಟಿಂದಲ್ರಿ ಸರ್. ಘಾಟ್ ನಮಗ ಗೊತ್ತೈತಿ. ಮೂರನೇ ರಾತ್ರಿ ಡ್ಯೂಟಿ ಇದ್ದಾಗ ಘಾಟ್ ಬಂತಂದ್ರ, ಆಗ ನಮ್ಮ ಮ್ಯಾಲ ನಮಗ ಹೆದರಿಕಿ." ಅವರು ಒಳಗೆ ಹೋಗಿ ಒಂದು ಕಟ್ಟು ಪುಸ್ತಕಗಳನ್ನು ತಂದು ತೋರಿಸಿದರು. ಅಂಗೈಯಗಲದ ಪುಸ್ತಕಗಳು, ಕೆಲವಕ್ಕೆ ಎಣ್ಣೆಯ ಬೆರಳಚ್ಚು. ಪ್ರತಿ ಪುಟದಲ್ಲೂ ತಾರೀಖು, ಗಾಡಿಯ ನಂಬರು, ಎಂಜಿನ್ ನಂಬರು, ಸೈನ್ ಆನ್ ಹೊತ್ತು, ಹೊರಟ ಹೊತ್ತು, ಮುಟ್ಟಿದ ಹೊತ್ತು, ಸೈನ್ ಆಫ್ ಹೊತ್ತು. ಸೈನ್ ಆನ್‌ಗೂ ಹೊರಟ ಹೊತ್ತಿಗೂ ನಡುವಿನ ಅಂತರಕ್ಕೆ ಕೆಂಪು ಗೆರೆ. ಕೆಂಪು ಗೆರೆಯಿಲ್ಲದ ಪುಟವನ್ನು ನಾನು ಹುಡುಕಿ ನೋಡಬೇಕಾಯಿತು.

ಆ ಗೆರೆಯ ಒಳಗೆ ಚಾಲಕರ ಸಂಘಟನೆಯ ಕತೆಯೆಲ್ಲ ಇದೆ. ಎತ್ತಿನ ದುಡಿಮೆಯನ್ನು ಒಕ್ಕಲಿಗ ನೊಗ ಹೂಡಿದ ಗಳಿಗೆಯಿಂದ ಎಣಿಸುತ್ತಾನೆ, ಮೊದಲ ಸಾಲು ಬಿದ್ದ ಗಳಿಗೆಯಿಂದ ಎಣಿಸುವುದಿಲ್ಲ. ರೈಲ್ವೆಯಲ್ಲಿ ಗಾಲಿ ಉರುಳಿದ ಗಳಿಗೆಯಿಂದ ಎಣಿಸುವ ರೂಢಿ ಬೆಳೆಯಿತು. ಬ್ರಿಟಿಷರ ಕಾಲದಲ್ಲಿ ಅದೂ ಇರಲಿಲ್ಲ. ಸದರ್ನ್ ಮರಾಠಾ ರೈಲ್ವೆ ನಮ್ಮ ಸೀಮೆಗೆ ಹಳಿ ತಂದದ್ದು 1880ರ ದಶಕದಲ್ಲಿ, ಹುಬ್ಬಳ್ಳಿಯ ವರ್ಕ್‌ಶಾಪ್ ಎದ್ದದ್ದೂ ಆಗಲೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ದಿನಕ್ಕೆ 8 ತಾಸಿನ ಒಪ್ಪಂದ ಮಾಡಿದಾಗ ಇಂಡಿಯಾಕ್ಕೆ ವಿನಾಯಿತಿ ಕೊಟ್ಟು ವಾರಕ್ಕೆ 60 ತಾಸು ಎಂದಿತು. 1931ರಲ್ಲಿ ರೈಲ್ವೆ ನೌಕರರಿಗೆ ದುಡಿಮೆಯ ಹೊತ್ತಿನ ನಿಯಮಗಳು ಬಂದಾಗ ಗಾಡಿಯ ಮೇಲೆ ದುಡಿಯುವ ರನ್ನಿಂಗ್ ಸಿಬ್ಬಂದಿಯನ್ನು ಹೊರಗಿಟ್ಟರು. ಸ್ಟೇಷನ್ನಿನಲ್ಲಿ ಕೂತವನಿಗೆ ಹೊತ್ತಿನ ಮಿತಿ ಇತ್ತು, ಬೆಂಕಿಯ ಮುಂದೆ ನಿಂತು ಕಲ್ಲಿದ್ದಲು ಎಸೆಯುವ ಫೈರ್‌ಮನ್‌ಗೆ ಇರಲಿಲ್ಲ. 1947ರ ರಾಜಾಧ್ಯಕ್ಷ ತೀರ್ಪು ಅವರನ್ನೂ ಒಳಗೆ ತಂದಿತು. ಕಾಗದದ ಮೇಲೆ ಬಂದ ನಿಯಮ ಎಂಜಿನ್ನಿನವರೆಗೆ ಬರಲು ಮತ್ತೆ ಕಾಲು ಶತಮಾನ ಹಿಡಿಯಿತು.

1970ರಲ್ಲಿ ಅಖಿಲ ಭಾರತ ಲೋಕೋ ರನ್ನಿಂಗ್ ಸ್ಟಾಫ್ ಅಸೋಸಿಯೇಷನ್ ಹುಟ್ಟಿತು. ರೈಲ್ವೆಯಲ್ಲಿ ಮಾನ್ಯತೆ ಪಡೆದ ದೊಡ್ಡ ಒಕ್ಕೂಟಗಳು ಮೊದಲಿನಿಂದಲೂ ಇದ್ದವು. ಅವು ಗುಮಾಸ್ತರಿಂದ ಗ್ಯಾಂಗ್‌ಮನ್‌ವರೆಗೆ ಎಲ್ಲರ ಪರ ಮಾತಾಡಬೇಕು. ತಮ್ಮ ನಿದ್ದೆಯ ಪ್ರಶ್ನೆ ಆ ಬೇಡಿಕೆಗಳ ಪಟ್ಟಿಯ ತಳಕ್ಕೆ ಹೋಗಿ ಬೀಳುತ್ತದೆ ಎಂಬ ಸಂಕಟದಿಂದ ಚಾಲಕರು, ಫೈರ್‌ಮನ್ನರು ಬೇರೆ ಸಂಘ ಕಟ್ಟಿದರು. ಇದು ಕಾರ್ಮಿಕರ ಒಗ್ಗಟ್ಟನ್ನು ಒಡೆಯಿತು ಎಂದು ಆಗ ಟೀಕೆ ಬಂತು, ಇಂದಿಗೂ ಬರುತ್ತದೆ. ಟೀಕೆಯಲ್ಲಿ ಸತ್ಯವಿದೆ. ಆದರೆ ಆ ಸಂಘ ಹುಟ್ಟದಿದ್ದರೆ 1973 ಆಗುತ್ತಿರಲಿಲ್ಲ ಎಂಬುದೂ ನನ್ನ ಖಚಿತ ಅಭಿಪ್ರಾಯ. ಆ ವರ್ಷದ ಆಗಸ್ಟಿನಲ್ಲಿ ದೇಶದ ಎಂಜಿನ್ನುಗಳು ನಿಂತವು. ಆಗಿನ ರೈಲ್ವೆ ಮಂತ್ರಿ ಲಲಿತ ನಾರಾಯಣ ಮಿಶ್ರಾ ಮಾತುಕತೆಗೆ ಕೂತರು, 10 ತಾಸಿನ ಮಿತಿಗೆ ಒಪ್ಪಿದರು. ಅದೂ ಸೈನ್ ಆನ್‌ನಿಂದ ಸೈನ್ ಆಫ್‌ವರೆಗೆ. ಯಾರ್ಡಿನಲ್ಲಿ ಕಾದ ಹೊತ್ತೂ ದುಡಿಮೆ ಎಂದು ಸರ್ಕಾರದ ಬಾಯಿಂದಲೇ ಬಂದ ಮಾತು ಅದು.

ಮಾತು ಜಾರಿಗೆ ಬರುವುದು ನಿಧಾನವಾಯಿತು. ಮುಂದಿನ ವರ್ಷ 1974ರ ಮೇ 8ರಿಂದ 27ರವರೆಗೆ ನಡೆದ ಮಹಾಮುಷ್ಕರವನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಅದರ ಮುಂದಾಳು ಜಾರ್ಜ್ ಫರ್ನಾಂಡಿಸ್ ಮಂಗಳೂರಿನಲ್ಲಿ ಹುಟ್ಟಿದವರು, ಹರೆಯದಲ್ಲೇ ಮುಂಬಯಿಗೆ ಹೋಗಿ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದವರು. ಬೋನಸ್ಸು, ತುಟ್ಟಿಭತ್ಯೆಯ ಜತೆಗೆ ಚಾಲಕರಿಗೆ 8 ತಾಸಿನ ದಿನ ಎಂಬುದೂ ಆ ಮುಷ್ಕರದ ಬೇಡಿಕೆಯಾಗಿತ್ತು. ಮುಷ್ಕರಕ್ಕೆ ಆರು ದಿನ ಮೊದಲೇ ಜಾರ್ಜ್ ಅವರನ್ನು ಬಂಧಿಸಿದರು. ಸುಮಾರು 17 ಲಕ್ಷ ನೌಕರರು ಕೆಲಸ ನಿಲ್ಲಿಸಿದ್ದರು, ಸಾವಿರಾರು ಜನ ಜೈಲು ಸೇರಿದರು. ರೈಲ್ವೆ ಕಾಲೊನಿಗಳಲ್ಲಿ ಗಂಡಸರು ತಲೆಮರೆಸಿಕೊಂಡಾಗ ಪೊಲೀಸರಿಗೆ, ಮನೆ ಖಾಲಿ ಮಾಡಿ ಎನ್ನುವ ಅಧಿಕಾರಿಗಳಿಗೆ ಬಾಗಿಲಲ್ಲಿ ನಿಂತು ಉತ್ತರ ಕೊಟ್ಟವರು ಹೆಂಗಸರು. ಮುಷ್ಕರದ ನಡುವೆಯೇ, ಮೇ 18ರಂದು, ಪೋಖ್ರಾನ್‌ನಲ್ಲಿ ಅಣುಪರೀಕ್ಷೆಯಾಯಿತು, ಪತ್ರಿಕೆಗಳ ಮೊದಲ ಪುಟ ಅತ್ತ ತಿರುಗಿತು. 20 ದಿನಕ್ಕೆ ಮುಷ್ಕರ ಏನೂ ಸಿಗದೆ ಮುಗಿಯಿತು. ಕೆಲಸ ಕಳೆದುಕೊಂಡವರನ್ನು 1977ರ ನಂತರ, ಮಧು ದಂಡವತೆ ರೈಲ್ವೆ ಮಂತ್ರಿಯಾದಾಗ, ವಾಪಸು ತೆಗೆದುಕೊಂಡರು. 1979ರಲ್ಲಿ ಬೋನಸ್ ಬಂತು. ಇಂದು ದಸರೆಯ ಮುಂದೆ ರೈಲ್ವೆ ನೌಕರರು 78 ದಿನದ ಬೋನಸ್ ಎಣಿಸಿಕೊಳ್ಳುವಾಗ ಅದು ಸೋತ ಮುಷ್ಕರದ ಗಳಿಕೆ ಎಂದು ನೆನೆಯಬೇಕು.

ಈಗ ನಿಮ್ಮದೇ ನೆಲದ ಒಂದು ನೆನಪು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಎದ್ದರು. ನವಿಲುತೀರ್ಥದ ಅಣೆಕಟ್ಟಿನ ನೀರು ಹೊಲಕ್ಕೆ ಬರುವ ಮೊದಲೇ ಅಭಿವೃದ್ಧಿ ಕರದ ನೋಟೀಸು ಮನೆಗೆ ಬಂದಿತ್ತು. ನರಗುಂದ, ನವಲಗುಂದ, ಸವದತ್ತಿ ಒಂದಾದವು. ಜುಲೈ 21ರಂದು ನರಗುಂದದಲ್ಲಿ ರಕ್ತ ಹರಿಯಿತು. ಅದಾಗಿ ಆರು ತಿಂಗಳಿಗೆ, 1981ರ ಜನವರಿಯಲ್ಲಿ, ಲೋಕೋ ಚಾಲಕರು ಮತ್ತೆ ಮುಷ್ಕರ ಹೂಡಿದರು. ಎರಡಕ್ಕೂ ನೇರ ನಂಟಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ರೈತನ ಮಗನೇ ರೈಲ್ವೆ ಸೇರುವ ಸೀಮೆ ಇದು, ಎರಡೂ ಕಡೆ ನಿಂತವರ ಸಿಟ್ಟಿನ ಬೇರು ಒಂದೇ: ಕೊಟ್ಟ ಮಾತು ಜಾರಿಯಾಗುವ ಮೊದಲೇ ವಸೂಲಿ ಶುರುವಾಗಿತ್ತು. ರೈತರ ಬಂಡಾಯಕ್ಕೆ ಪುಸ್ತಕಗಳಿವೆ, ಹುತಾತ್ಮ ದಿನವಿದೆ. 1981ರ ಚಾಲಕರನ್ನು ನಾವು ಮರೆತೇಬಿಟ್ಟಿದ್ದೇವೆ.

ಅವರಿಗೆ ಆದದ್ದು ಏನು? ರೈಲ್ವೆಯ ಶಿಸ್ತು ನಿಯಮಗಳಲ್ಲಿ 14(2) ಎಂಬುದೊಂದಿದೆ. ವಿಚಾರಣೆ ನಡೆಸುವುದು ಸಾಧ್ಯವಿಲ್ಲ ಎಂದು ಅಧಿಕಾರಿ ಬರೆದುಬಿಟ್ಟರೆ ಸಾಕು, ಆರೋಪಪಟ್ಟಿ, ಸಾಕ್ಷಿ, ಅಹವಾಲು ಯಾವುದೂ ಇಲ್ಲದೆ ನೌಕರನನ್ನು ವಜಾ ಮಾಡಬಹುದು. ಆ ನಿಯಮ ಹಿಡಿದು ದೇಶದ ಉದ್ದಗಲಕ್ಕೂ ಚಾಲಕರನ್ನು ಮನೆಗೆ ಕಳಿಸಿದರು. ಹುಬ್ಬಳ್ಳಿ ವಿಭಾಗ ಆಗ ಸಿಕಂದರಾಬಾದಿನ ದಕ್ಷಿಣ ಮಧ್ಯ ರೈಲ್ವೆಯಲ್ಲಿತ್ತು. ನೈಋತ್ಯ ರೈಲ್ವೆಯಾಗಿ ಹುಬ್ಬಳ್ಳಿಯೇ ಕೇಂದ್ರವಾದದ್ದು 2003ರಲ್ಲಿ. ವಜಾ ಆದವರು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದರು. ವಿಚಾರಣೆಯಿಲ್ಲದೆ ವಜಾ ಮಾಡುವ ಅಧಿಕಾರವನ್ನು ಸುಪ್ರೀಂ ಕೋರ್ಟು 1985ರ ತುಳಸೀರಾಮ್ ಪಟೇಲ್ ಪ್ರಕರಣದಲ್ಲಿ ಎತ್ತಿಹಿಡಿಯಿತು. ಎಂಟು ವರ್ಷದ ಬಳಿಕ, 1993ರ ಆಗಸ್ಟಿನಲ್ಲಿ, ರೆಡ್ಡಪ್ಪ ಪ್ರಕರಣದಲ್ಲಿ ಅದೇ ಕೋರ್ಟು ಚಾಲಕರನ್ನು ಮೂರು ತಿಂಗಳೊಳಗೆ ಕೆಲಸಕ್ಕೆ ತೆಗೆದುಕೊಳ್ಳಿ, ಮೂರು ವರ್ಷದ ಸಂಬಳವನ್ನು ಪರಿಹಾರವಾಗಿ ಕೊಡಿ ಎಂದಿತು. ಮುಷ್ಕರವಾಗಿ ಹನ್ನೆರಡು ವರ್ಷ ಕಳೆದಿತ್ತು. 30 ವರ್ಷದವನಿಗೆ 42 ಆಗಿತ್ತು, 48ರವನು ನಿವೃತ್ತಿಯ ವಯಸ್ಸನ್ನೇ ದಾಟಿದ್ದ. ಮಕ್ಕಳ ಓದಿನ ಹೊತ್ತು ಕಳೆದುಹೋಗಿತ್ತು. ಅದನ್ನು ಯಾವ ತೀರ್ಪೂ ವಾಪಸು ತಂದುಕೊಡಲಾರದು.

ಮುಷ್ಕರದಿಂದ ಜನರಿಗೆ ತೊಂದರೆಯಾಗುತ್ತದೆ ಎಂಬ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆಸ್ಪತ್ರೆಗೆ ಹೊರಟ ರೋಗಿ, ಪರೀಕ್ಷೆಗೆ ಹೊರಟ ಹುಡುಗಿ, ಗುಡ್ಡಕ್ಕೆ ಹೊರಟ ಮುದುಕಿ, ಇವರೆಲ್ಲ ನಿಲ್ದಾಣದಲ್ಲಿ ಕೂತಿರುತ್ತಾರೆ. 1981ರ ಬಳಿಕ ಚಾಲಕರು ಆ ಅಸ್ತ್ರವನ್ನು ಹೆಚ್ಚುಕಡಿಮೆ ಕೆಳಗಿಟ್ಟಿದ್ದಾರೆ. ಧರಣಿ, ಉಪವಾಸ, ಮನವಿ, ಮೊಕದ್ದಮೆ ಇವೇ ಈಗಿನ ದಾರಿ. ಅಷ್ಟಾದರೂ ಅವರ ಮಾತಿಗೆ ಕಿವಿಗೊಡದಿದ್ದರೆ ತಪ್ಪು ನಮ್ಮದಾಗುತ್ತದೆ.

ಈಗಿನ ನಿಯಮ ಏನು? ಗಾಡಿ ಹೊರಟ ಮೇಲೆ ಸಾಮಾನ್ಯವಾಗಿ 9 ತಾಸು, ಸೈನ್ ಆನ್‌ನಿಂದ ಸೈನ್ ಆಫ್‌ವರೆಗೆ 11 ತಾಸು. 1973ರಲ್ಲಿ ಒಪ್ಪಿದ 10 ತಾಸಿಗೆ ಇದನ್ನು ಹೋಲಿಸಿ ನೋಡಿ. ಒಂದೇ ಸಮನೆ ನಾಲ್ಕು ರಾತ್ರಿಯವರೆಗೂ ಡ್ಯೂಟಿ ಹಾಕಬಹುದು, ಎರಡಕ್ಕೆ ಇಳಿಸಿ ಎಂದು ಚಾಲಕರು ಕೇಳುತ್ತಾರೆ. ವಿಶ್ರಾಂತಿಯ ಲೆಕ್ಕ ಇನ್ನೂ ಸೂಕ್ಷ್ಮ. 8 ತಾಸಿಗಿಂತ ಹೆಚ್ಚು ದುಡಿದು ಸ್ವಂತ ಊರಿಗೆ ಮುಟ್ಟಿದವನಿಗೆ 16 ತಾಸು ಬಿಡುವು. ಇದು ನಿತ್ಯದ್ದು. ತಿಂಗಳಿಗೆ ನಾಲ್ಕು ಬಾರಿ 30 ತಾಸಿನ ಬಿಡುವು. ಇದು ವಾರದ ರಜೆಯ ಬದಲಿಗೆ. 30ರೊಳಗೆ 16 ಸೇರಿಹೋಗುತ್ತದೆ ಎಂದು ಆಡಳಿತ ಹೇಳುತ್ತದೆ. ಅವೆರಡೂ ಬೇರೆ, ಕೂಡಿಸಿ 46 ಕೊಡಿ ಎಂದು ಚಾಲಕರು. ಸೋಮವಾರ ಬೆಳಗಿನ 6ಕ್ಕೆ ಸೈನ್ ಆಫ್ ಮಾಡಿದವನನ್ನು ಆಡಳಿತದ ಲೆಕ್ಕದಲ್ಲಿ ಮಂಗಳವಾರ ಮಧ್ಯಾಹ್ನ 12ಕ್ಕೆ ಕರೆಯಬಹುದು. ರಾತ್ರಿಯೆಲ್ಲ ಗಾಡಿ ಓಡಿಸಿದವನು ಸೋಮವಾರ ಹಗಲು ನಿದ್ದೆ ಮಾಡಿರುತ್ತಾನೆ. ಅವನ 'ವಾರದ ರಜೆ' ಎಂದರೆ ಒಂದು ರಾತ್ರಿ, ಮರುದಿನದ ಮುಂಜಾನೆ. ಚಾಲಕರ ಲೆಕ್ಕದಲ್ಲಿ ಬುಧವಾರ ನಸುಕಿನ 4ರವರೆಗೆ ಅವನು ಮನೆಯವನು. ಇಲ್ಲಿ ಕೂತಿರುವ ಕಚೇರಿ ನೌಕರರು ಶನಿವಾರ ಸಂಜೆ 5ಕ್ಕೆ ಮನೆಗೆ ಹೋಗಿ ಸೋಮವಾರ 10ಕ್ಕೆ ಹಾಜರಾದರೆ 41 ತಾಸು ಆಗುತ್ತದೆ. ಅದನ್ನು ಯಾರೂ ದುಬಾರಿ ಎನ್ನುವುದಿಲ್ಲ.

ಈ ವಾದ ಕರ್ನಾಟಕದಲ್ಲೇ ಒಮ್ಮೆ ತೀರ್ಮಾನವಾಗಿದೆ. ಬೆಂಗಳೂರಿನ ಪ್ರಾದೇಶಿಕ ಕಾರ್ಮಿಕ ಆಯುಕ್ತರು 2011ರಲ್ಲಿ ಎರಡೂ ಬಿಡುವುಗಳನ್ನು ಬೇರೆಬೇರೆಯಾಗಿ ಕೊಡಬೇಕೆಂದು ಆದೇಶಿಸಿದರು, ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆ ಆದೇಶ ಜಾರಿಯಾಗಲಿಲ್ಲ ಎಂದೇ 2024ರ ಜೂನ್ 1ರಿಂದ ದಕ್ಷಿಣ ರೈಲ್ವೆಯ ಚಾಲಕರು 46 ತಾಸಿನ ಬಿಡುವನ್ನು ತಾವೇ ತೆಗೆದುಕೊಳ್ಳತೊಡಗಿದರು. ಹಾಗೆ ತೆಗೆದುಕೊಂಡವರ ಮೇಲೆ ಶಿಸ್ತುಕ್ರಮಗಳಾದವು.

ಅದೇ ತಿಂಗಳ 17ರಂದು ಬಂಗಾಳದ ರಂಗಪಾಣಿಯ ಬಳಿ ನಿಂತಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್ಸಿಗೆ ಹಿಂದಿನಿಂದ ಗೂಡ್ಸ್ ಗಾಡಿ ಬಡಿಯಿತು. ಗೂಡ್ಸಿನ ಚಾಲಕ ಸತ್ತ. ಅವನು ಸಿಗ್ನಲ್ ಮೀರಿದ ಎಂದು ಹೆಣ ಮನೆಗೆ ಮುಟ್ಟುವ ಮೊದಲೇ ಮೇಲಿನವರು ಹೇಳಿಯಾಗಿತ್ತು. ಸುರಕ್ಷತಾ ಆಯುಕ್ತರ ವರದಿ ಬಂದಾಗ ತಿಳಿದದ್ದು ಬೇರೆ. ಆ ಬೆಳಗ್ಗೆ ಸಿಗ್ನಲ್ಲುಗಳು ಕೆಟ್ಟಿದ್ದವು, ಕೆಂಪು ದಾಟಿ ಹೋಗಲು ಅವನ ಕೈಗೆ ಸ್ಟೇಷನ್ನಿನಿಂದ ಚೀಟಿ ಕೊಟ್ಟಿದ್ದರು, ಕೊಟ್ಟ ಚೀಟಿಯೇ ಸರಿಯಾದದ್ದಲ್ಲ, ಅದರಲ್ಲಿ ಎಷ್ಟು ವೇಗದಲ್ಲಿ ಹೋಗಬೇಕೆಂದೂ ಬರೆದಿರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂಬ ತರಬೇತಿಯೂ ಸಾಲದಾಗಿತ್ತು. ಸತ್ತವನ ಮೇಲೆ ತಪ್ಪು ಹೊರಿಸುವುದು ಸುಲಭ, ಅವನು ಎದ್ದು ಬಂದು ತನ್ನ ಪುಸ್ತಕ ತೋರಿಸುವುದಿಲ್ಲ. ಇದನ್ನು ಓದಿದಾಗ ನನಗೆ ಬಂದಷ್ಟು ಸಿಟ್ಟು ಈ ವಿಷಯದಲ್ಲಿ ಬೇರೆ ಯಾವುದಕ್ಕೂ ಬಂದಿಲ್ಲ.

ಆ ಅಪಘಾತವಾದ ವಾರದಲ್ಲೇ ಸಹಾಯಕ ಲೋಕೋ ಪೈಲಟ್ ಹುದ್ದೆಗಳ ಸಂಖ್ಯೆಯನ್ನು 5,696ರಿಂದ 18,799ಕ್ಕೆ ಏರಿಸಿದರು. ಅಷ್ಟು ಜನ ಕಡಿಮೆ ಇದ್ದರು ಎಂದಾಯಿತು, ಆ ಕೊರತೆಯನ್ನು ಇದ್ದವರು ತಮ್ಮ ನಿದ್ದೆಯಿಂದ ತುಂಬಿಕೊಡುತ್ತಿದ್ದರು ಎಂದಾಯಿತು.

ಹೆಣ್ಣುಮಕ್ಕಳ ವಿಷಯ ಹೇಳದೆ ಮುಗಿಸಲಾರೆ. ಸಾತಾರಾದ ಸುರೇಖಾ ಯಾದವ್ 1980ರ ದಶಕದ ಕೊನೆಗೆ ದೇಶದ ಮೊದಲ ಮಹಿಳಾ ರೈಲು ಚಾಲಕಿಯಾದರು. ಅವರ ಹಿಂದೆ ಸಾವಿರಾರು ಜನ ಬಂದಿದ್ದಾರೆ. ಎಂಜಿನ್ನಿನಲ್ಲಿ ಶೌಚಾಲಯ ಇಟ್ಟ ಮೊದಲ ಲೋಕೋ ಬಂದದ್ದು 2016ರಲ್ಲಿ, ಇಂದಿಗೂ ಬಹುಪಾಲು ಎಂಜಿನ್ನುಗಳಲ್ಲಿ ಅದಿಲ್ಲ. 9 ತಾಸಿನ ಓಟದಲ್ಲಿ ನೀರು ಕುಡಿಯದೆ ಕೂತಿರುವ ಹೆಣ್ಣುಮಕ್ಕಳಿದ್ದಾರೆ. ಊಟಕ್ಕೂ ಶೌಚಕ್ಕೂ ಹೊತ್ತು ಗೊತ್ತುಪಡಿಸಿ ಬಿಡುವು ಕೊಡುವುದು ಕಾರ್ಯಸಾಧ್ಯವಲ್ಲ ಎಂದು ರೈಲ್ವೆ ಮಂಡಳಿ 2025ರ ಏಪ್ರಿಲ್‌ನಲ್ಲಿ ಹೇಳಿತು. ಇದನ್ನು ಒಪ್ಪಿಕೊಳ್ಳಲು ನನ್ನಿಂದ ಆಗದು.

ಪರೀಕ್ಷೆಗೆ ಓದುತ್ತಿರುವ ಮಕ್ಕಳು ಸಭೆಯಲ್ಲಿದ್ದೀರಿ. ಕಣ್ಣಿನ ಪರೀಕ್ಷೆ, ಮನೋಪರೀಕ್ಷೆ ಎಲ್ಲ ದಾಟಿ ನೀವು ಲಾಬಿಯ ಮುಂದೆ ನಿಲ್ಲುವ ದಿನ ಬರಲಿ. ಯಾವ ಸಂಘಕ್ಕೆ ಸೇರಬೇಕೆಂದು ನಾನು ಹೇಳುವುದಿಲ್ಲ, ಯಾವುದಕ್ಕಾದರೂ ಸೇರಿ, ಅದರ ಸಭೆಗೆ ಹೋಗಿ. ಕೈಗೆ ಬಂದ ಚೀಟಿಯನ್ನು ಪೂರ್ತಿ ಓದದೆ ಗಾಡಿ ಹೊರಡಿಸಬೇಡಿ, ಅರ್ಥವಾಗದಿದ್ದರೆ ಕೇಳಿ, ತಡವಾಯಿತು ಎಂದು ಯಾರು ಕೂಗಾಡಿದರೂ ಕೇಳಿ. ಲಾಬಿಯ ಕಂಪ್ಯೂಟರು ಎಲ್ಲ ಬರೆದುಕೊಳ್ಳುತ್ತದೆ ಎನ್ನುತ್ತಾರೆ. ಬರೆದುಕೊಳ್ಳಲಿ. ನೀವೂ ಒಂದು ಪುಸ್ತಕ ಇಟ್ಟುಕೊಳ್ಳಿ. ಸೈನ್ ಆನ್, ಹೊರಟದ್ದು, ಮುಟ್ಟಿದ್ದು, ಸೈನ್ ಆಫ್, ನಾಲ್ಕನ್ನೂ ಅಂದಂದೇ, ನಿಮ್ಮ ಕೈಯಿಂದಲೇ ಬರೆದಿಡಿ.